ಮಾವನ ಪೈಲ್ವಾನ, ನನ್ನ ಪೈಲ್ವಾನ

ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಹೆಂಡತಿಯ ನೆರವು ಬೇಡುವ ಗಂಡಸರೇ ಹೆವಿವೇಟ್ ಬಾಕ್ಸಿಂಗಿನ ಬಗ್ಗೆ ಅತ್ಯಂತ ಖಚಿತವಾದ ಅಭಿಪ್ರಾಯಗಳನ್ನು ಇಟ್ಟುಕೊಂಡಿರುತ್ತಾರೆ ಎಂಬುದನ್ನು ನೀವೂ ಗಮನಿಸಿರಬಹುದು. ಅಂಥವರಲ್ಲಿ ನಾನು ಅಗ್ರಗಣ್ಯ. ಇನ್ನೊಬ್ಬರು ನನ್ನ ಮಾವ. ರಾಯಚೂರು ಕಡೆಯವರು, ಸರ್ಕಾರಿ ನೌಕರಿ ಮುಗಿಸಿ ಮಹಾನಗರದ ಮೂಡಣ ತುದಿಯ ಉಪ್ಪಲ್‌ನ ಫ್ಲಾಟಿನಲ್ಲಿ ನೆಲೆಸಿದವರು, ಜೀವಮಾನದಲ್ಲಿ ಸೊಳ್ಳೆಯ ಹೊರತು ಯಾರ ಮೇಲೂ ಕೈ ಎತ್ತದ ಸಾತ್ವಿಕರು.

ನಮ್ಮ ಕಡೆ ಅಳಿಯನೆಂದರೆ ಒಂದು ಬಗೆಯ ಉತ್ಸವಮೂರ್ತಿ. ಮೊದಲ ರೊಟ್ಟಿ ಅವನಿಗೆ, ಫ್ಯಾನಿನ ಕೆಳಗಿನ ಕುರ್ಚಿ ಅವನಿಗೆ, ಅವನಾಡಿದ ಮಾತಿಗೆಲ್ಲ ‘ಹೌದ್ರಿ’ ಎಂಬ ನೈವೇದ್ಯ. ಸೂರ್ಯ ಪಡುವಣದ ಗಚ್ಚಿಬೌಲಿಯಲ್ಲಿ ಹುಟ್ಟುತ್ತಾನೆ ಎಂದಿದ್ದರೂ ಮಾವ ಒಪ್ಪುತ್ತಿದ್ದರು. ಮದುವೆಯ ಹೊಸತರಲ್ಲಿ ಈ ಮರ್ಯಾದೆಯ ಭಾರಕ್ಕೆ ಉಸಿರುಗಟ್ಟಿ, ನಗರದ ಇನ್ನೊಂದು ತುದಿಯ ಮಣಿಕೊಂಡದ ನಮ್ಮ ಮನೆಗೆ ಓಡಿಬರಲು ನಾನು ನೆಪ ಹುಡುಕುತ್ತಿದ್ದೆ.

ಒಂದು ಭಾನುವಾರ ಟೀವಿಯಲ್ಲಿ ಬಾಕ್ಸಿಂಗ್ ಬಂದು ನನ್ನನ್ನು ಕಾಪಾಡಿತು. ಈಗಿನ ಆರೂವರೆ ಅಡಿಯ ಚಾಂಪಿಯನ್ ಎದುರು ಹಳಬರೆಲ್ಲ ಮೂರೇ ಸುತ್ತಿಗೆ ಅಂಗಾತ ಮಲಗುತ್ತಿದ್ದರು ಎಂದು ನಾನು ಅಂದದ್ದೇ ತಡ, ಮಾವ ಚಹಾದ ಲೋಟ ಕೆಳಗಿಟ್ಟರು. ತಾವು ಹರೆಯದಲ್ಲಿ ಪತ್ರಿಕೆಯ ಮಸಕು ಚಿತ್ರದಲ್ಲಷ್ಟೇ ಕಂಡಿದ್ದ ಚಾಂಪಿಯನ್, ಅವರ ಬಾಯಲ್ಲಿ ಪೈಲ್ವಾನ, ಹದಿನೈದು ಸುತ್ತು ಕುಣಿದು ಕುಣಿಸಿ ನನ್ನವನನ್ನು ಕೆಡವುತ್ತಾನೆ ಎಂದರು. ನಿನಗೆ ಬುದ್ಧಿ ಕಡಿಮೆ ಎಂದೂ ಸೇರಿಸಿದರು. ಎಂಥ ಪರಮಾನಂದ! ಅಂದಿನಿಂದ ಪ್ರತಿ ಭಾನುವಾರ ನಾನು ಮೆಟ್ರೋ ಹತ್ತಿ ಬೈಸಿಕೊಳ್ಳಲು ಹೋಗತೊಡಗಿದೆ. ಈ ಲೋಕದಲ್ಲಿ ಎಂದೂ ಎದುರಾಗಲಾರದ ಆ ಇಬ್ಬರು ಮಹಾಕಾಯರು ನಮ್ಮ ಟೀಪಾಯಿಯ ಮೇಲೆ ವರ್ಷಗಟ್ಟಲೆ ಬಡಿದಾಡಿದರು. ಇಬ್ಬರನ್ನೂ ಒಂದೇ ಲಟ್ಟಣಿಗೆಯಿಂದ ಮಲಗಿಸಬಹುದೆಂದು ಅತ್ತೆ ಅಡುಗೆಮನೆಯಿಂದ ಸೂಚಿಸುತ್ತಿದ್ದರು.

ಈಚೆಗೆ ಮಾವನ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಎಲ್ಲ ಸರಿಹೋಗಿದೆ ಎಂದು ವೈದ್ಯರು ಹೇಳಿದರು. ಆದರೆ ಮನೆಗೆ ಬಂದ ಮಾವ ಸಪ್ಪೆ ಗಂಜಿಯನ್ನು ತಕರಾರಿಲ್ಲದೆ ಕುಡಿದು, ಗೋಡೆ ನೋಡುತ್ತ ಒರಗಿಕೊಂಡರು. ಹುರಿದುಂಬಿಸೋಣವೆಂದು ನಾನು ಹಳೆಯ ಜಗಳ ಕೆದಕಿದೆ.

"ನಿಮ್ಮ ಪೈಲ್ವಾನನೇ ಗೆಲ್ತಾನ, ಬಿಡ್ರಿ" ಎಂದರು ಮೆಲ್ಲಗೆ.

ಇಷ್ಟು ವರ್ಷ ಹಂಬಲಿಸಿದ ಗೆಲುವು ಕೈಗೆ ಬಂದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಒಪ್ಪಿಕೊಳ್ಳುವ ಮಾವ ನನಗೆ ಬೇಕಿರಲಿಲ್ಲ. ಚುನಾವಣೆ ಮುಗಿದ ಮರುದಿನದ ಶಾಸಕರೂ ನಾಚುವಷ್ಟು ತ್ವರಿತವಾಗಿ ನಾನು ಪಕ್ಷಾಂತರ ಮಾಡಿದೆ. ಇಲ್ಲವೇ ಇಲ್ಲ, ನಿಮ್ಮವನೇ ಗೆಲ್ಲುವುದು, ಆ ಕಾಲಿನ ಚಳಕಕ್ಕೆ ಸಾಟಿ ಎಲ್ಲಿದೆ ಎಂದೆ.

ಮಾವ ಗೋಡೆ ಬಿಟ್ಟು ನನ್ನತ್ತ ತಿರುಗಿದರು. ಹುಬ್ಬು ಗಂಟಿಕ್ಕಿತು. ಆರೂವರೆ ಅಡಿಯವನ ತೋಳಿನ ಉದ್ದ ನೋಡಿದ್ದೀಯಾ, ಹತ್ತಿರ ಬರಲು ಬಿಟ್ಟರೆ ತಾನೇ ಆ ಹಳಬನ ಕುಣಿತ, ಈಗಿನವರ ಊಟವೇ ಬೇರೆ, ತಾಲೀಮೇ ಬೇರೆ ಎಂದು ಶುರುಮಾಡಿದರು. ಒಂದೊಂದೂ ನನ್ನದೇ ವಾದ, ನಾನು ಹೇಳುತ್ತಿದ್ದ ಕ್ರಮದಲ್ಲೇ. ಅವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ ಎಂದುಕೊಂಡಿದ್ದೆ, ಒಂದನ್ನೂ ಮರೆತಿರಲಿಲ್ಲ. ನಾನು ಮುಖ ತಿರುಗಿಸಿ ಗಂಜಿಯ ಬಟ್ಟಲು ಎತ್ತಿಡಲು ಹೋದೆ. ಅದನ್ನು ಸೋಲೆಂದು ತಿಳಿದ ಮಾವ, ದಿಂಬು ಸರಿಸಿ ಎದ್ದು ಕುಳಿತರು.

"ಯಾಕ, ಬಾಯಿ ಬಂದ್ ಆತೇನು? ಮುಂದಿನ ಐತವಾರ ಓದ್ಕೊಂಡು ಬಾ."