ಫಟಫಟಿಯ ದೀಪದ ಟೋಪಿ ಮತ್ತು ಕಾರಹುಣ್ಣಿಮೆಯ ಹಗ್ಗ

"ದೀಪಕ್ಕೆ ಶೋಕಿಯ ಟೋಪಿ ಹಾಕಿಸಿದ್ದೇ ತಪ್ಪಾಯಿತು, ಬೆಳಕು ಮುಚ್ಚಿ, ದಾರಿ ಕಾಣದೆ ಸಾಹುಕಾರರು ಫಟಫಟಿಯಿಂದ ಬಿದ್ದು ಕಾಲು ಮುರಿದುಕೊಂಡರು." ಕುಕನೂರಿನ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಆ ಟೋಪಿಯನ್ನು ಮಾಡಿದವರು ನನ್ನ ತಂದೆ. ಈ ಮಾತು ಶುದ್ಧ ಸುಳ್ಳು.

ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾಗುವ ಮೊದಲಿನ ಸಂಗತಿ. ಊರಿಗೆಲ್ಲ ಒಂದೇ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಅದು ಸಾಹುಕಾರರದು. ಅದನ್ನು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿ, "ನನ್ನ ಎತ್ತಿನ ಹಣಿಗೆ ಹಿತ್ತಾಳಿ ಪಟ್ಟಿ ಐತಿ. ಇದರ ಹಣಿ ಬರೇ ಐತಲ್ಲೋ ಕಂಚಗಾರ!" ಎಂದರು. ತಂದೆ ಮೂರು ಬೆರಳಗಲದ ಹಿತ್ತಾಳೆ ತಗಡನ್ನು ಬಾಗಿಸಿ, ಅಂಚಿಗೆ ಮಾವಿನೆಲೆಯ ಸಾಲು ಕೊರೆದು, ದೀಪದ ನೆತ್ತಿಗೆ ಮಾತ್ರ ಕೂರಿಸಿದರು. ತಿರುಪು ಬಿಗಿಯುವಾಗ ದೀಪವನ್ನು ಹಿಡಿದಿದ್ದವನು ನಾನು, ಆಗಲೇ ಮೀಸೆ ಮೂಡಿದ ಮಗ. ಗಾಜು ಎಳ್ಳಷ್ಟೂ ಮುಚ್ಚಿರಲಿಲ್ಲ.

ಕಾರಹುಣ್ಣಿಮೆಯಂದು ನಮ್ಮಲ್ಲಿ ಊರ ಹೆಬ್ಬಾಗಿಲಾದ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಕಟ್ಟಿ, ಎತ್ತುಗಳನ್ನು ಓಡಿಸಿ ಅದನ್ನು ಹರಿಸುತ್ತಾರೆ. ಅದೇ ಕರಿ ಹರಿಯುವುದು. ಆ ವರ್ಷ ಸಾಹುಕಾರರು, "ಈ ಸಲ ಕರಿ ನನ್ನ ಫಟಫಟಿ ಹರೀತೈತಿ" ಎಂದು ಹಟ ಹಿಡಿದರು.

"ಬ್ಯಾಡ್ರಿ ಸಾವ್ಕಾರ್ರ, ಹಗ್ಗ ಎತ್ತಿನ ಎದಿಗೆ ತಕ್ಕಂಗ ಕಟ್ಟ್ಯಾರ. ಅದರ ಪೆಟ್ಟು ಎತ್ತು ತಡಕೋತೈತಿ, ನೀವು ತಡಕೊಳ್ಳಂಗಿಲ್ಲ" ಎಂದರು ತಂದೆ.

"ನಿನ್ನ ಕೆಲಸ ತಗಡ ಬಡಿಯೂದು. ಬುದ್ಧಿ ಹೇಳೂದಲ್ಲ."

ಓಡಿಸಿದರು. ಹಗ್ಗ ಎದೆಗೆ ಸಿಕ್ಕಿತು. ಗಾಡಿ ಅಗಸಿ ದಾಟಿತು, ಅವರು ಈಚೆಗೇ ಬಿದ್ದರು. "ಫಟಫಟಿ ಕರಿ ಹರದು ಹೋತಪೋ, ಸಾವ್ಕಾರ್ರು ಮಾತ್ರ ಇಲ್ಲೇ ಅದಾರ!" ಎಂದು ಯಾರೋ ಕೂಗಿದ, ಊರಿಗೆ ಊರೇ ನಕ್ಕಿತು.

ಆ ನಗೆಯನ್ನು ಸಾಹುಕಾರರಿಗೆ ಅರಗಿಸಿಕೊಳ್ಳಲಾಗಲಿಲ್ಲ. ವಾರದೊಳಗೆ ಕತ್ತಲೆಯ ಕಥೆ ಹುಟ್ಟಿತು. ಅಂದು ನಕ್ಕವರೇ, ಅವರ ಹೊಲ ಉಳುತ್ತಿದ್ದವರೇ, ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. ತೂತು ಬಿದ್ದ ತಂಬಿಗೆಯನ್ನೂ ಯಾರೂ ನಮ್ಮ ಅಂಗಡಿಗೆ ತರಲಿಲ್ಲ. "ನಿನ್ನ ಕೈಗುಣ ಛಲೋ ಇಲ್ಲ" ಎಂದು ತಂದೆಯ ಮುಖಕ್ಕೇ ಹೇಳಿದರು. ಆ ಅಪವಾದವನ್ನು ಹೊತ್ತೇ ಅವರು ತೀರಿಕೊಂಡರು. ಹಾಡುಹಗಲಲ್ಲಿ ದೀಪದ ಮಾತೇಕೆ ಬಂತು ಎಂದು ಒಬ್ಬನೂ ಕೇಳಲಿಲ್ಲ. ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನಾನು ಮಗ. ಅಂದು ಆ ಹಗ್ಗ ಕಟ್ಟಿದವರು ಈಗ ಬೇವೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿಯೂ ನೆನಪೂ ಚೆನ್ನಾಗಿವೆ. ಹೋಗಿ, ಸಾಹುಕಾರರು ಬಿದ್ದದ್ದು ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿ. ನನಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಾರೆ: "ಸೂರ್ಯಾ ಇನ್ನೂ ಮ್ಯಾಲಿದ್ದ. ದೀಪಾ ಯಾಂವ ಹಚ್ಚಿದ್ದ?"