ಮಂಡಿ ಮಡಚಿದರೆ ನಿಲ್ಲುವ ನಾಡಿ

ಕೈಲಾಂಚದ ಮಾರಕ್ಕ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದರೆ ರಾಮನಗರದ ಬಸ್ಸೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಅಂಥವಳಿಗೆ ನಲವತ್ತಾರನೇ ವಯಸ್ಸಿನಲ್ಲಿ ಎಡಗಾಲಿನ ಮೀನಖಂಡ ನೂರು ಹೆಜ್ಜೆಗೆ ಕಲ್ಲಾಗತೊಡಗಿತು. ಎರಡು ನಿಮಿಷ ನಿಂತರೆ ಸರಿ. ಮತ್ತೆ ನೂರು ಹೆಜ್ಜೆ, ಮತ್ತೆ ಕಲ್ಲು. ಅವಳು ತೋಟದಿಂದ ಮನೆ ಮುಟ್ಟುವಷ್ಟರಲ್ಲಿ ರೇಷ್ಮೆಹುಳುಗಳು ಹಸಿವು ತಾಳದೆ ತಟ್ಟೆಯನ್ನೇ ಮೇಯುತ್ತಿದ್ದವು.

"ವಯಸ್ಸಾಯ್ತಲ್ಲತ್ತೆ, ಸುಮ್ನೆ ಕೂತ್ಕಳಿ," ಎಂದಳು ಸೊಸೆ ಸಿದ್ದಮ್ಮ.

"ಕೂತ್ರೇ ಕಣಮ್ಮಿ ಪಾದ ಐಸ್ ಆಗೋದು."

ರಾಮನಗರದ ಡಾಕ್ಟರು ಪಾದದ ಮೇಲೆ ಎರಡು ಬೆರಳಿಟ್ಟು, "ನಾಡಿ ಚೆನ್ನಾಗಿದೆ, ರಕ್ತನಾಳಕ್ಕೇನೂ ಆಗಿಲ್ಲ," ಎಂದು ನರದ ಮಾತ್ರೆ ಬರೆದರು. ಮಾರಕ್ಕ ಮಾತ್ರೆಗಿಂತ ಆ ಬೆರಳಿಟ್ಟ ಜಾಗವನ್ನು ಜೋಪಾನವಾಗಿ ಮನೆಗೆ ತಂದಳು. ಕಾಲು ಚಾಚಿ ಮುಟ್ಟಿಕೊಂಡಳು, ನಾಡಿ ಇತ್ತು. ಸೊಪ್ಪು ಹೆಚ್ಚಲು ಕುಕ್ಕರಗಾಲಲ್ಲಿ ಕೂತು ಮುಟ್ಟಿದಳು, ಇರಲಿಲ್ಲ.

ಮೂರನೇ ಸಲ ಡಾಕ್ಟರು ಅದೇ ಮಾತ್ರೆ ಬರೆಯಲು ಹೋದಾಗ ಅವಳು ಚೀಟಿಯ ಮೇಲೆ ಕೈಯಿಟ್ಟಳು. "ನೀವು ಮಲಗ್ಸಿ ನೋಡ್ತೀರಿ. ನಾನು ಮಲಗ್ಕೊಂಡು ಸೊಪ್ಪು ಕುಯ್ಯಲ್ಲ, ಸ್ವಾಮಿ."

ನರ್ಸಮ್ಮ ಬೇಡವೆನ್ನುತ್ತಿದ್ದಂತೆ ಪರೀಕ್ಷೆಯ ಮಂಚ ಹತ್ತಿ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ಮಂಚ ಆಸ್ಪತ್ರೆಯ ಬುನಾದಿಯವರೆಗೂ ಕಿರುಗುಟ್ಟಿತು. "ಈಗ ಮುಟ್ಟಿ."

ಡಾಕ್ಟರು ಮುಟ್ಟಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಮುಟ್ಟಿದರು. ಅವಳು ಕಾಲು ಚಾಚಿದಳು, ನಾಡಿ ಬಂತು.

"ತಪ್ಪಾಯ್ತಮ್ಮ," ಎಂದು ಬೆಂಗಳೂರಿಗೆ ಸ್ಕ್ಯಾನಿಗೆ ಬರೆದುಕೊಟ್ಟರು.

ಸ್ಕ್ಯಾನಿನಲ್ಲಿ ಕಂಡದ್ದು, ಮಂಡಿಯ ಹಿಂದಿನ ರಕ್ತನಾಳದ ಗೋಡೆಯೊಳಗೆ ಲೋಳೆ ತುಂಬಿದ ಗುಳ್ಳೆ. ಮಡಚಿದಾಗ ಅದು ಒತ್ತಿ ರಕ್ತದ ದಾರಿ ಮುಚ್ಚುತ್ತಿತ್ತು; ನಡೆಯುವಾಗ ಮೀನಖಂಡಕ್ಕೆ ಸಾಲುವಷ್ಟು ರಕ್ತ ಬಿಡುತ್ತಿರಲಿಲ್ಲ. ಬಹಳ ಅಪರೂಪದ ಕಾಯಿಲೆ ಎಂದರು ಅಲ್ಲಿನ ಸರ್ಜನ್. ಸೂಜಿಯಿಂದ ಲೋಳೆ ಎಳೆಯಬಹುದು, ಆದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ನಾಳದ ಆ ತುಂಡನ್ನೇ ತೆಗೆದು ಅವಳದೇ ಕಾಲಿನ ಇನ್ನೊಂದು ನಾಳ ಜೋಡಿಸುವುದು ಮೇಲು.

"ಹಂಗಾದ್ರೆ ಕುಯ್ಯಿರಿ. ಬಾಡಿಗೆಗೆ ಬಂದೋನ್ನ ಸಾಮಾನು ಸಮೇತ ಖಾಲಿ ಮಾಡ್ಸಿ."

ಆಪರೇಷನ್ ಆದ ಮೇಲೆ ಸರ್ಜನ್ ಮೂರು ಮಾತು ಹೇಳಿದರು: ಮಾತ್ರೆ ತಪ್ಪಿಸಬಾರದು, ಆರಾರು ತಿಂಗಳಿಗೆ ಸ್ಕ್ಯಾನಿಗೆ ಬರಬೇಕು, ಕುಕ್ಕರಗಾಲು ಬಿಡಬೇಕು. ಮೂರಕ್ಕೂ ಒಪ್ಪಿದಳು. ಹೊರೆಯ ಮಾತು ಅವರು ಎತ್ತುವ ಮೊದಲೇ ಎದ್ದು ಬಂದಳು.

ಎರಡು ತಿಂಗಳಾದ ಮೇಲೆ ತೋಟದ ದಾರಿಯಲ್ಲಿ ಅರ್ಧ ಹೊರೆ ಹೊತ್ತು ಹೊರಟಳು. ಹಿಂದೆಯೇ ಸಿದ್ದಮ್ಮ ಮೊಪೆಡ್ಡಿನಲ್ಲಿ, ಎರಡೂ ಕಾಲು ನೆಲಕ್ಕೆ ಉಜ್ಜುತ್ತ, "ಹತ್ಕಳಿ ಅತ್ತೆ," ಎನ್ನುತ್ತಲೇ ಇದ್ದಳು.

"ನೀನ್ ಮುಂದೆ ಹೋಗು. ನಾನ್ ಎಣುಸ್ತಾ ಇವ್ನಿ."

ನೂರಾಯಿತು. ಮೀನಖಂಡ ಸುಮ್ಮನಿತ್ತು. ನೂರೊಂದು. ಇನ್ನೂರು. ನಾನೂರ ಹನ್ನೆರಡರಲ್ಲಿ, ಸಾರಿಗೆ ಏನು ಹಾಕಲಿ ಎಂದು ಸಿದ್ದಮ್ಮ ಕೇಳಿ, ಲೆಕ್ಕ ತಪ್ಪಿಹೋಯಿತು.