ತಂಗಿಯ ಎತ್ತರದ ಬೈಕು

ನನ್ನ ತಂಗಿ ಆ ಬೈಕು ತಂದ ದಿನ ನಾನು ‘ಚಲೋ ಆತು’ ಎನ್ನಲಿಲ್ಲ. ‘ಇಷ್ಟ ದೊಡ್ಡದು ಯಾಕ ಬೇಕಾಗಿತ್ತ?’ ಎಂದೆ.

ನಾನು ಮೂಡಲಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಓಡಾಡುವುದು ಸ್ಕೂಟರಿನಲ್ಲಿ. ಐದು ವರ್ಷ ಚಿಕ್ಕವಳಾದ ಅವಳು ಹುಕ್ಕೇರಿಯಲ್ಲಿ ದನದ ಡಾಕ್ಟರು. ತುಕ್ಕಾನಟ್ಟಿಯ ನಮ್ಮ ತೋಟದ ಮನೆಯ ಅಂಗಳದಲ್ಲಿ, ಅಪ್ಪನ ಹಳೆಯ ಬೈಕಿನ ಮೇಲೆ ಅವಳಿಗೆ ಕ್ಲಚ್ ಬಿಡುವುದನ್ನು ಕಲಿಸಿದವಳು ನಾನು. ಕುರಿ ಹಟ್ಟಿಗೆ ಬುತ್ತಿ ಒಯ್ಯಲು ನಾನೇ ಮೊದಲು ಬೈಕು ಕಲಿತಿದ್ದೆ. ಆದರೆ ಎತ್ತರ ಅವಳಿಗೆ ಅಪ್ಪನದು ಬಂತು, ನನಗೆ ಅವ್ವನದು.

ಆ ಭಾನುವಾರ ಅಪ್ಪ ಬೈಕಿನ ಸುತ್ತ ಮೂರು ಸಲ ತಿರುಗಿದ. ತಂಗಿ ಒಂದೊಂದನ್ನೇ ಮುಟ್ಟಿ ತೋರಿಸಿದಳು. ಎರಡು ಸಿಲಿಂಡರಿನ ಎಂಜಿನ್. ಇಪ್ಪತ್ತೊಂದು ಇಂಚಿನ ಮುಂದಿನ ಗಾಲಿ, ಕಡ್ಡಿಗಳಿದ್ದರೂ ಟ್ಯೂಬ್ ಬೇಡದ ಟೈರು. ಒಂದು ಗುಂಡಿ ಒತ್ತಿದರೆ ಎಕ್ಸಿಲರೇಟರ್ ಹಿಡಿದುಕೊಂಡು ಕೂರಬೇಕಾಗಿಲ್ಲ, ಅದೇ ವೇಗದಲ್ಲಿ ಹೋಗುತ್ತಿರುತ್ತದೆ.

‘ಗರಸಿನ ಮ್ಯಾಲ ಹಿಂದಿನ ಗಾಲಿ ಜಾರಿತಂದ್ರ, ಎಂಜಿನ್ ತಾನಾ ಜೋರು ಕಡಿಮಿ ಮಾಡತೈತಿ ಅಪ್ಪಾ. ಥಂಡ್ಯಾಗ ಹಿಡಿಕಿನೂ ಬಿಸಿ ಆಗತಾವು.’

‘ನಮ್ಮ ಬಿಸಲಾಗ ಬಿಸಿ ಹಿಡಿಕಿ!’ ಎಂದು ನಾನು ನಕ್ಕೆ. ಯಾರೂ ನನ್ನ ಜೊತೆ ನಗಲಿಲ್ಲ.

ಅಪ್ಪ ಟ್ಯಾಂಕಿನ ಮೇಲೆ ಕೈಯಾಡಿಸಿ, ‘ಗಾಡಿ ಹೊಡ್ಯೂದು ಈಕಿ ರಕ್ತದಾಗ ಐತಿ ಬಿಡು’ ಎಂದ. ನಾನು ಅಲ್ಲೇ ನಿಂತಿದ್ದೆ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಒಮ್ಮೆ ತೊಳೆದವನ್ನೇ ಮತ್ತೊಮ್ಮೆ ತೊಳೆದೆ.

‘ಬಾ ಅಕ್ಕಾ, ಧುಪದಾಳ ತನಕ ಹೋಗಿ ಬರೂಣು’ ಎಂದು ತಂಗಿ ಕರೆದಳು. ಹಿಂದೆ ಕೂತವಳು ದಾರಿಯುದ್ದಕ್ಕೂ ಕೊರತೆ ಹುಡುಕಿದೆ. ನನ್ನ ಸ್ಕೂಟರಿನಲ್ಲಿ ನಡು ಮುರಿಯುವಂಥ ತಗ್ಗುಗಳನ್ನು ಆ ಬೈಕಿನ ಉದ್ದನೆಯ ಶಾಕ್‌ಅಬ್ಸಾರ್ಬರ್‌ಗಳು ಸದ್ದಿಲ್ಲದೆ ನುಂಗಿದವು. ಮುಂದಿನ ಗಾಜು ಗಾಳಿಯನ್ನು ತಲೆಯ ಮೇಲಿಂದ ಹಾಯಿಸಿತು. ಧುಪದಾಳದ ಒಡ್ಡು ಕಾಣುವ ಹೊತ್ತಿಗೆ ನನ್ನ ಕೈಯಲ್ಲಿ ಒಂದೇ ಒಂದು ದೂರೂ ಇರಲಿಲ್ಲ.

ಕಾಲುವೆ ದಂಡೆಯ ಗರಸಿನ, ಸಣ್ಣ ಕಲ್ಲು ಬೆರೆತ ಕೆಂಪು ಮಣ್ಣಿನ ದಾರಿಯಲ್ಲಿ ಅವಳು ಇಳಿದು, ‘ನೀ ಹೊಡೀತಿ?’ ಎಂದಳು.

ಹತ್ತಿಯೇಬಿಟ್ಟೆ.

‘ತಡಿ, ಮೊದಲ ಸೀಟು...’

‘ನನಗ ಹೇಳಿಕೊಡಬ್ಯಾಡ.’

ನೆಲಕ್ಕೆ ಹೆಬ್ಬೆರಳಷ್ಟೇ ತಾಗುತ್ತಿತ್ತು. ಓಡುವಾಗ ಅದರ ಇನ್ನೂರಕ್ಕೂ ಹೆಚ್ಚು ಕಿಲೋ ತೂಕ ಗೊತ್ತೇ ಆಗಲಿಲ್ಲ. ನಿಲ್ಲಿಸುವಾಗ ಗೊತ್ತಾಯಿತು. ಎಡಗಾಲು ಇಟ್ಟ ಕಡೆ ನೆಲ ಇಳಿಜಾರಾಗಿತ್ತು. ಬೈಕು ನಿಧಾನವಾಗಿ ವಾಲಿತು, ತಡೆಯಲಾಗಲಿಲ್ಲ. ಅದರ ಜೊತೆ ನಾನೂ ಬಿದ್ದೆ.

ತಂಗಿ ಓಡಿ ಬಂದು, ‘ಕಾಲ ಸಿಕ್ಕೇತೇನ ಅಕ್ಕಾ?’ ಎಂದಳು. ಬೈಕಿನ ಕಡೆ ಕಣ್ಣೂ ಹಾಕಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೀಳಿಸಿದವರ ಮೇಲೆ ಸಿಟ್ಟಾಗದಿರುವುದನ್ನೂ ಅವಳು ನನಗಿಂತ ಚೆನ್ನಾಗಿ ಬಲ್ಲಳು ಎಂದು ಹೊಟ್ಟೆ ಉರಿಯಿತು.

ಇಬ್ಬರೂ ಸೀಟಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಹಿಮ್ಮುಖವಾಗಿ ದಬ್ಬಿ ಅದನ್ನು ಎತ್ತಿ ನಿಲ್ಲಿಸಿದೆವು. ಎಂಜಿನ್ ಸುತ್ತಲಿನ ಕಬ್ಬಿಣದ ಗಾರ್ಡ್ ಪೆಟ್ಟು ತಿಂದಿತ್ತು, ಒಳಗೆ ಏನೂ ಆಗಿರಲಿಲ್ಲ. ಆಮೇಲೆ ಅವಳು ಕೀಲಿಯಿಂದ ಸೀಟು ಬಿಚ್ಚಿ ಕೆಳಗಿನ ಕಚ್ಚಿನಲ್ಲಿ ಕೂರಿಸಿ ತಗ್ಗಿಸಿದಳು. ಮೀಟರಿನ ಪರದೆಯಲ್ಲಿ ಏನೋ ಒತ್ತಿ ಹಿಂದಿನ ಸ್ಪ್ರಿಂಗನ್ನೂ ಸಡಿಲಿಸಿದಳು. ನಾನು ಕೇಳಲೊಲ್ಲದೆ ಬಾಯಿ ಮುಚ್ಚಿಸಿದ್ದ ಮಾತು ಇದೇ ಆಗಿತ್ತು. ಈಗ ಅರ್ಧ ಪಾದ ನೆಲಕ್ಕೆ ಸಿಕ್ಕಿತು.

‘ಗೋಕಾಕ ತನಕ ನೀನಾ ಹೊಡಿ’ ಎಂದು ಹಿಂದೆ ಕೂತಳು. ‘ಗೇರ್ ಏರಸಾಕ ಕ್ಲಚ್ ಹಿಡೀಬ್ಯಾಡ. ಬರೇ ಕಾಲಲೆ ಎತ್ತು.’

ಎತ್ತಿದೆ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಗೇರು ಬಿತ್ತು. ನಾನು ಅವಳಿಗೆ ಕಲಿಸಿದ್ದ ಒಂದೇ ವಿದ್ಯೆ ಕ್ಲಚ್ಚಿನದು. ಈ ಯಂತ್ರಕ್ಕೆ ಅದೂ ಹೆಚ್ಚು ಬೇಕಿರಲಿಲ್ಲ.

ಆದರೂ ಹೇಳಬೇಕು, ಆ ಅರ್ಧ ಗಂಟೆಯಷ್ಟು ಖುಷಿಯನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಗೋಕಾಕದ ಪೆಟ್ರೋಲ್ ಪಂಪಿನಲ್ಲಿ ನಳಿಗೆ ಹಿಡಿದವನು ಕಣ್ಣರಳಿಸಿ, ‘ಮೇಡಂ, ಗಾಡಿ ನಿಮ್ದೇನ್ರಿ?’ ಎಂದ.

‘ಹೂನ್ರಿ’ ಎಂದೆ.

‘ಇಷ್ಟ ಎತ್ತರ ಐತಿ, ಕಾಲ ಸಿಗತಾವೇನ್ರಿ?’

‘ರೂಢಿ ಆಗೇತ್ರಿ.’

ಹೆಲ್ಮೆಟ್ಟಿನೊಳಗೆ ಮುಖ ಕಾದ ಹಂಚಾಗಿತ್ತು. ಊರು ದಾಟಿದ ಮೇಲೆ ತಂಗಿ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಅಕ್ಕಾ, ನಿನ್ನ ಗಾಡಿ ಭಾಳ ಚಲೋ ಐತಿ. ಒಂದಿನ ನನಗೂ ಹೊಡ್ಯಾಕ ಕೊಡು’ ಎಂದಳು. ಅವಳು ಬಿದ್ದು ಬಿದ್ದು ನಕ್ಕಳು. ನಾನು ಮುಂದಿನ ದಾರಿ ನೋಡುತ್ತ ಇನ್ನೊಂದು ಗೇರು ಏರಿಸಿದೆ.

ಮನೆಯಲ್ಲಿ ಗಾರ್ಡಿನ ಮೇಲಿನ ಗೀರು ಅಪ್ಪನ ಕಣ್ಣಿಗೆ ಬಿತ್ತು. ‘ನಾನಾ ಕೆಡವೇನಿ ಅಪ್ಪಾ’ ಎಂದಳು ತಂಗಿ. ನಾನು ತುಟಿ ಬಿಚ್ಚಲಿಲ್ಲ. ರಕ್ತದಲ್ಲೇ ಗಾಡಿ ಇರುವವಳೂ ಬೀಳಿಸುತ್ತಾಳೆಂದು ಅಪ್ಪನಿಗೆ ತಿಳಿಯಲಿ ಎಂದು ಒಳಗೊಳಗೇ ಒಂದಿಷ್ಟು ಸಮಾಧಾನವೂ ಆಯಿತು.

ನಾಲ್ಕು ದಿನ ಆ ಸುಳ್ಳು ನನ್ನ ಬೆನ್ನು ಬಿಡಲಿಲ್ಲ. ಕೊನೆಗೆ ಶಾಲೆಯ ಬಿಡುವಿನಲ್ಲಿ ಅಪ್ಪನಿಗೆ ಫೋನು ಮಾಡಿ, ಕೆಡವಿದ್ದು ನಾನು ಎಂದೆ.

‘ಗೊತ್ತೈತಿ ಯವ್ವಾ. ನಿನ್ನ ಚೂಡಿದಾರದ ತುಂಬ ಕೆಂಪ ಮಣ್ಣ ಹತ್ತಿತ್ತು’ ಎಂದ ಅಪ್ಪ. ಆಮೇಲೆ ಕೇಳಿದ: ‘ಬಿದ್ದ ಮ್ಯಾಲ ಮತ್ತ ಹೊಡದ್ಯೋ ಇಲ್ಲೋ?’

‘ಗೋಕಾಕ ತನಕ ಹೊಡದೆ.’

‘ಹಂಗಾರ ಆತು ಬಿಡು.’

ಹೊಟ್ಟೆಕಿಚ್ಚು ಹೋಯಿತೆಂದರೆ ಸುಳ್ಳಾದೀತು. ತಂಗಿ ಈಗಲೂ ಬಂದಾಗಲೆಲ್ಲ ಕೇಳದೆಯೇ ಕೀಲಿ ಕೊಡುತ್ತಾಳೆ. ಹೊಡೆದು ಬಂದು ಹಿಂದಿರುಗಿಸುತ್ತೇನೆ. ಅವಳು ಹುಕ್ಕೇರಿಯ ಹಾದಿ ಹಿಡಿದ ಮೇಲೆ, ನನ್ನ ಸ್ಕೂಟರು ಹತ್ತಲು ಮಾತ್ರ ತಾಸುಹೊತ್ತು ಮನಸ್ಸೇ ಬರುವುದಿಲ್ಲ.